ಆಬ್ಜೆಕ್ಟ್ ಸ್ಟೋರೇಜ್ ತಂತ್ರಾಂಶ: ಬಳಕೆದಾರರು ಬಯಸುತ್ತಿರುವ ಸುಧಾರಣೆಗಳು ಮತ್ತು ಪಂಚಾಯಿತಿ ದಾಖಲೆಗಳ ಸುರಕ್ಷತೆ

ಕಾಮಗಾರಿ ಆರಂಭವಾಗುವ ಮುನ್ನ, ನಡೆಯುತ್ತಿರುವಾಗ ಹಾಗೂ ಪೂರ್ಣಗೊಂಡ ಬಳಿಕ ತೆಗೆಯುವ ಛಾಯಾಚಿತ್ರಗಳು, ಆಸ್ತಿಗಳ ನಮೂನೆ 9 ಮತ್ತು 11ಬಿ, ತೆರಿಗೆ ರಸೀದಿಗಳು, ಗ್ರಾಮ ಸಭೆಯ ನಡವಳಿಯ ಸ್ಕ್ಯಾನ್ ಪ್ರತಿಗಳು: ಇವು ಗ್ರಾಮ ಪಂಚಾಯಿತಿಗಳಲ್ಲಿ ಸೃಷ್ಟಿಯಾಗುವ ಡಿಜಿಟಲ್ ಕಡತಗಳಲ್ಲಿ ಮುಖ್ಯವಾದವು. ರಸೀದಿಯ ಪ್ರತಿ ಕಳೆದರೆ ಲೆಕ್ಕದ ಆಧಾರದ ಮೇಲೆ ಮತ್ತೊಂದನ್ನು ಮುದ್ರಿಸಬಹುದು. ಆದರೆ ಚೆಕ್ ಡ್ಯಾಂ ನಿರ್ಮಿಸುವ ಮುನ್ನ ಹಳ್ಳ ಹೇಗಿತ್ತು ಎಂಬುದರ ಚಿತ್ರ ಕಳೆದರೆ ಅದನ್ನು ಮತ್ತೆ ತೆಗೆಯಲು ಬರುವುದಿಲ್ಲ. ಸಾಮಾಜಿಕ ಪರಿಶೋಧನೆಯ ದಿನ ಗ್ರಾಮಸ್ಥರು ಕೇಳುವ ಪ್ರಶ್ನೆಗೆ ಆ ಚಿತ್ರವೊಂದೇ ಉತ್ತರವಾಗಿರುವ ಸಂದರ್ಭಗಳೂ ಉಂಟು.

ಈ ಬಗೆಯ ಕಡತಗಳನ್ನು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಸಂಗ್ರಹಿಸಲು ಇಂದು ಜಗತ್ತಿನಾದ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನವೇ ಆಬ್ಜೆಕ್ಟ್ ಸ್ಟೋರೇಜ್. ಅದರ ಕಾರ್ಯವಿಧಾನವೇನು, ದೊಡ್ಡ ಸಂಸ್ಥೆಗಳಲ್ಲಿ ಅದನ್ನು ಬಳಸುವವರು ಯಾವ ಸುಧಾರಣೆಗಳನ್ನು ಬಯಸುತ್ತಿದ್ದಾರೆ ಮತ್ತು ಪಂಚಾಯಿತಿ ಸಿಬ್ಬಂದಿ ಅದರಿಂದ ತಿಳಿಯಬೇಕಾದುದೇನು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಬಳಕೆದಾರರ ಬೇಡಿಕೆಗಳಲ್ಲಿ ವೇಗಕ್ಕಿಂತ ಹೆಚ್ಚಾಗಿ ಕಂಡುಬರುವುದು ಉತ್ತರದಾಯಿತ್ವದ ಅಪೇಕ್ಷೆ. ಇಟ್ಟ ಕಡತ ಇಟ್ಟಂತೆಯೇ ಇದೆಯೇ, ಅದನ್ನು ಯಾರು ನೋಡಬಹುದು, ಬೇಕೆಂದಾಗ ಅಲ್ಲಿಂದ ಹೊರತರಬಹುದೇ ಎಂಬ ಪ್ರಶ್ನೆಗಳಿಗೆ ತಂತ್ರಾಂಶವು ತಾನಾಗಿ, ಸರಳವಾಗಿ ಉತ್ತರಿಸಬೇಕೆಂಬುದು ಅವರ ನಿರೀಕ್ಷೆ.

ಆಬ್ಜೆಕ್ಟ್ ಸ್ಟೋರೇಜ್ ಎಂದರೇನು?

ಕಚೇರಿಯ ಕಂಪ್ಯೂಟರಿನಲ್ಲಿ ಕಡತಗಳನ್ನು ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಇಡಲಾಗುತ್ತದೆ. ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಅಂತಹ ಶ್ರೇಣಿಯಿಲ್ಲ. 'ಬಕೆಟ್' ಎಂಬ ಒಂದು ದೊಡ್ಡ ಸಂಗ್ರಹದಲ್ಲಿ ಪ್ರತಿ ಕಡತವೂ ತನ್ನದೇ ಆದ ಗುರುತಿನ ಹೆಸರಿನೊಂದಿಗೆ ಇರುತ್ತದೆ. ಕಡತದ ಜೊತೆಗೆ ಅದರ ಗಾತ್ರ, ದಿನಾಂಕ, ಬಗೆ ಮುಂತಾದ ವಿವರಗಳೂ ಸೇರಿರುತ್ತವೆ. ಈ ವಿವರಗಳಿಗೆ ಮೆಟಾಡೇಟಾ ಎಂದು ಹೆಸರು. ಕಡತ, ಹೆಸರು ಮತ್ತು ವಿವರ ಈ ಮೂರೂ ಸೇರಿ ಒಂದು ಆಬ್ಜೆಕ್ಟ್. ದಾಖಲೆ ಕೊಠಡಿಯ ಕಟ್ಟುಗಳಿಗೆ ಕ್ರಮಸಂಖ್ಯೆ ನೀಡಿ, ವಹಿಯಲ್ಲಿ ಆ ಸಂಖ್ಯೆಯನ್ನು ನೋಡಿ ಕಟ್ಟನ್ನು ತೆಗೆಯುವ ಪದ್ಧತಿಗೆ ಇದನ್ನು ಹೋಲಿಸಬಹುದು.

ಅಮೆಜಾನ್ ಸಂಸ್ಥೆಯು 2006ರ ಮಾರ್ಚ್‌ನಲ್ಲಿ ಎಸ್3 ಎಂಬ ಸೇವೆಯನ್ನು ಆರಂಭಿಸಿದ ನಂತರ ಈ ವಿಧಾನ ವ್ಯಾಪಕವಾಯಿತು. ಸ್ವಂತ ದತ್ತಾಂಶ ಕೇಂದ್ರದಲ್ಲಿಯೇ ಇಂತಹ ವ್ಯವಸ್ಥೆ ಬೇಕೆನ್ನುವ ಸಂಸ್ಥೆಗಳಿಗಾಗಿ ಸೆಫ್, ಓಪನ್‌ಸ್ಟಾಕ್ ಸ್ವಿಫ್ಟ್, ಮಿನ್‌ಐಒ ಮುಂತಾದ ಮುಕ್ತ ತಂತ್ರಾಂಶಗಳೂ, ನೆಟ್‌ಆಪ್, ಡೆಲ್, ಸ್ಕಾಲಿಟಿ, ಕ್ಲೌಡಿಯನ್ ಮುಂತಾದ ಕಂಪನಿಗಳ ಉತ್ಪನ್ನಗಳೂ ಬಂದಿವೆ.

ಡಿಸ್ಕ್ ಕೆಟ್ಟರೂ ಕಡತ ಉಳಿಯಲು ಎರಡು ದಾರಿಗಳಿವೆ. ಒಂದು, ಪ್ರತಿ ಕಡತದ ಮೂರು ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುವುದು. ಇದರಲ್ಲಿ 1 ಟಿಬಿ ದತ್ತಾಂಶಕ್ಕೆ 3 ಟಿಬಿ ಜಾಗ ಬೇಕು. ಇನ್ನೊಂದು ಎರೇಷರ್ ಕೋಡಿಂಗ್: ಕಡತವನ್ನು ಉದಾಹರಣೆಗೆ 8 ತುಂಡುಗಳನ್ನಾಗಿಸಿ, ಗಣಿತದ ಮೂಲಕ ಇನ್ನೂ 4 ತುಂಡುಗಳನ್ನು ರಚಿಸಿ, ಒಟ್ಟು 12 ತುಂಡುಗಳನ್ನು 12 ಕಡೆ ಇಡುವುದು. ಇವುಗಳಲ್ಲಿ ಯಾವುದೇ 4 ನಾಶವಾದರೂ ಉಳಿದ 8ರಿಂದ ಮೂಲ ಕಡತ ದೊರೆಯುತ್ತದೆ. ಇದಕ್ಕೆ ಬೇಕಾಗುವ ಜಾಗ 1.5 ಟಿಬಿ ಮಾತ್ರ.

ಅಮೆಜಾನ್ ತನ್ನ ಸೇವೆಯನ್ನು ಶೇಕಡಾ 99.999999999ರಷ್ಟು ಬಾಳಿಕೆಗಾಗಿ ವಿನ್ಯಾಸಗೊಳಿಸಿರುವುದಾಗಿ ಹೇಳುತ್ತದೆ. ಎಂದರೆ 1 ಕೋಟಿ ಆಬ್ಜೆಕ್ಟ್‌ಗಳನ್ನು ಇಟ್ಟರೆ ಸರಾಸರಿ 10,000 ವರ್ಷಗಳಿಗೆ ಒಂದು ನಷ್ಟವಾಗಬಹುದು. ಆದರೆ ಇದು ಯಂತ್ರಗಳ ವೈಫಲ್ಯದ ಲೆಕ್ಕ. ಅಧಿಕಾರವಿರುವ ಒಬ್ಬ ವ್ಯಕ್ತಿ ತಪ್ಪಾಗಿ ನೀಡಿದ ಅಳಿಸುವ ಆದೇಶ ಈ ಲೆಕ್ಕದಲ್ಲಿ ಸೇರಿಲ್ಲ. ಬಳಕೆದಾರರ ದೂರುಗಳಲ್ಲಿ ಹೆಚ್ಚಿನವು ಈ ಲೆಕ್ಕದ ಹೊರಗೆ ಉಳಿದ ವಿಷಯಗಳಿಗೇ ಸಂಬಂಧಿಸಿವೆ.

ಸಣ್ಣ ಕಡತಗಳ ತೊಂದರೆ

ಈ ತಂತ್ರಾಂಶಗಳಲ್ಲಿ ಅನೇಕವು ದೊಡ್ಡ ಕಡತಗಳನ್ನು ಗಮನದಲ್ಲಿಟ್ಟು ರೂಪುಗೊಂಡವು. ಆದರೆ ಕಚೇರಿಗಳ ದಾಖಲೆಗಳಲ್ಲಿ ಹಲವು ಕೆಲವೇ ಕೆಬಿ ಗಾತ್ರದವು. ಸೆಫ್ ತಂತ್ರಾಂಶವು ಸಾಮಾನ್ಯ ಹಾರ್ಡ್ ಡಿಸ್ಕ್‌ಗಳಲ್ಲಿ ಜಾಗವನ್ನು ಹಿಂದೆ 64 ಕೆಬಿ ಅಳತೆಯಲ್ಲಿ ಹಂಚುತ್ತಿತ್ತು. 4 ಕೆಬಿಯ ರಸೀದಿಯೊಂದನ್ನು 4 ಮೂಲ ತುಂಡು ಮತ್ತು 2 ಹೆಚ್ಚುವರಿ ತುಂಡುಗಳ ವಿನ್ಯಾಸದಲ್ಲಿ ಇಟ್ಟರೆ ಆರು ತುಂಡುಗಳಿಗೂ ತಲಾ 64 ಕೆಬಿಯಂತೆ 384 ಕೆಬಿ ವ್ಯಯವಾಗುತ್ತಿತ್ತು. ಬಳಕೆದಾರರು ಈ ತೊಂದರೆಯನ್ನು ದೀರ್ಘಕಾಲ ಮುಂದಿಟ್ಟ ನಂತರ 2021ರ 'ಪೆಸಿಫಿಕ್' ಆವೃತ್ತಿಯಲ್ಲಿ ಅಳತೆಯನ್ನು 4 ಕೆಬಿಗೆ ಇಳಿಸಲಾಯಿತು. ಅದೇ ರಸೀದಿಗೆ ಈಗ 24 ಕೆಬಿ ಸಾಕು. ಆದರೆ ಮೊದಲೇ ಸಿದ್ಧಪಡಿಸಿದ ಡಿಸ್ಕ್‌ಗಳಿಗೆ ಈ ಬದಲಾವಣೆ ತಾನಾಗಿ ಅನ್ವಯವಾಗುವುದಿಲ್ಲ. ಅವುಗಳನ್ನು ಒಂದೊಂದಾಗಿ ಬರಿದು ಮಾಡಿ ಮತ್ತೆ ಸಿದ್ಧಪಡಿಸಬೇಕು.

ಜಾಲತಾಣದ ಛಾಯಾಚಿತ್ರಗಳಿಗಾಗಿ ಫೇಸ್‌ಬುಕ್ ರೂಪಿಸಿ 2010ರಲ್ಲಿ ವಿವರಿಸಿದ 'ಹೇಸ್ಟಾಕ್' ವ್ಯವಸ್ಥೆಯು ಅಸಂಖ್ಯಾತ ಸಣ್ಣ ಚಿತ್ರಗಳನ್ನು ಕೆಲವು ದೊಡ್ಡ ಕಡತಗಳೊಳಗೆ ಒಟ್ಟುಗೂಡಿಸಿ, ಪ್ರತಿ ಚಿತ್ರದ ಸ್ಥಾನವನ್ನು ಮೆಮೊರಿಯಲ್ಲಿಡುವ ದಾರಿಯನ್ನು ತೋರಿಸಿತು. ಇಂತಹ ಒಟ್ಟುಗೂಡಿಕೆಯನ್ನು ತಂತ್ರಾಂಶವೇ ನಿರ್ವಹಿಸಬೇಕು, ಬಳಕೆದಾರರ ಮೇಲೆ ಹೊರಿಸಬಾರದು ಎಂಬುದು ಬೇಡಿಕೆ. ಟೆಂಡರ್ ದಾಖಲೆಯಲ್ಲಿ ಒಟ್ಟು ಟಿಬಿ ಎಷ್ಟು ಎಂದಷ್ಟೇ ನಮೂದಿಸಿ, ಕಡತಗಳ ಸಂಖ್ಯೆ ಮತ್ತು ಸರಾಸರಿ ಗಾತ್ರವನ್ನು ಬಿಟ್ಟರೆ ಅಂದಾಜು ಪೂರ್ತಿ ತಪ್ಪಬಹುದು ಎಂಬುದಕ್ಕೆ ಮೇಲಿನ ಲೆಕ್ಕವೇ ನಿದರ್ಶನ.

ಪಟ್ಟಿ, ಹುಡುಕಾಟ ಮತ್ತು ಹೆಸರಿನ ಬದಲಾವಣೆ

ಎಸ್3 ವಿಧಾನದಲ್ಲಿ ಬಕೆಟ್‌ನ ಪಟ್ಟಿಯನ್ನು ಕೇಳಿದರೆ ಒಂದು ಬಾರಿಗೆ ಹೆಚ್ಚೆಂದರೆ 1,000 ಹೆಸರುಗಳು ದೊರೆಯುತ್ತವೆ. ಕಡತಗಳು 1 ಕೋಟಿ ಇದ್ದರೆ 10,000 ಬಾರಿ ಕೇಳಬೇಕು. 'ಇಂತಹ ಗ್ರಾಮದ, ಇಂತಹ ವರ್ಷದ ದಾಖಲೆಗಳು' ಎಂದು ಮೆಟಾಡೇಟಾ ಆಧರಿಸಿ ಹುಡುಕುವ ಸೌಲಭ್ಯ ಮೂಲ ವಿಧಾನದಲ್ಲಿಲ್ಲ. ಅದಕ್ಕಾಗಿ ಪ್ರತ್ಯೇಕ ಡೇಟಾಬೇಸ್ ಇಟ್ಟುಕೊಳ್ಳಬೇಕಾಗುತ್ತದೆ. ಆ ಡೇಟಾಬೇಸ್ ಕೆಟ್ಟರೆ ಕಡತಗಳು ಸುರಕ್ಷಿತವಾಗಿದ್ದರೂ ಯಾವುದು ಯಾರದು ಎಂಬುದು ತಿಳಿಯದು. ವಹಿ ಸುಟ್ಟು ಕಟ್ಟುಗಳು ಮಾತ್ರ ಉಳಿದ ದಾಖಲೆ ಕೊಠಡಿಯ ಸ್ಥಿತಿಯಿದು. ಆದ್ದರಿಂದಲೇ ಹುಡುಕಾಟವು ಸಂಗ್ರಹದ ಭಾಗವಾಗಿಯೇ ಇರಬೇಕೆಂಬ ಬೇಡಿಕೆ ಬಲವಾಗಿದೆ. ಅಮೆಜಾನ್ 2024ರ ಡಿಸೆಂಬರ್‌ನಲ್ಲಿ ಈ ದಿಸೆಯಲ್ಲಿ ಮೆಟಾಡೇಟಾ ಕೋಷ್ಟಕಗಳ ಸೌಲಭ್ಯವನ್ನು ಪ್ರಕಟಿಸಿತು.

ಹೆಸರು ಬದಲಿಸುವುದು ಇನ್ನೊಂದು ತೊಡಕು. ಪರದೆಯ ಮೇಲೆ ಫೋಲ್ಡರಿನಂತೆ ಕಾಣುವುದು ವಾಸ್ತವದಲ್ಲಿ ಹೆಸರಿನ ಮೊದಲ ಭಾಗವಷ್ಟೆ. ಸಾಮಾನ್ಯ ಬಕೆಟ್‌ಗಳಲ್ಲಿ ಆ ಭಾಗವನ್ನು ಬದಲಿಸಬೇಕೆಂದರೆ ಪ್ರತಿ ಕಡತವನ್ನೂ ಹೊಸ ಹೆಸರಿನಲ್ಲಿ ನಕಲು ಮಾಡಿ ಹಳೆಯದನ್ನು ಅಳಿಸಬೇಕು. ರಾಜ್ಯದಲ್ಲಿ 2018ರಲ್ಲಿ ಹಲವು ಹೊಸ ತಾಲ್ಲೂಕುಗಳು ರಚನೆಯಾದವು. ಗ್ರಾಮ ಪಂಚಾಯಿತಿಗಳು ಪಟ್ಟಣ ಪಂಚಾಯಿತಿಗಳಾಗುವುದೂ ಉಂಟು. ಕಡತದ ಹೆಸರನ್ನು ತಾಲ್ಲೂಕಿನ ಹೆಸರಿನಿಂದ ಆರಂಭಿಸಿದ್ದರೆ ಇಂತಹ ಪ್ರತಿ ಬದಲಾವಣೆಯಲ್ಲಿಯೂ ಲಕ್ಷಾಂತರ ಕಡತಗಳನ್ನು ನಕಲು ಮಾಡಬೇಕಾಗುತ್ತದೆ, ಇಲ್ಲವೇ ಹಳೆಯ ಹೆಸರಿನೊಂದಿಗೇ ಗೊಂದಲವನ್ನು ಸಹಿಸಬೇಕಾಗುತ್ತದೆ. ಬದಲಾಗದ ವಿಶಿಷ್ಟ ಸಂಖ್ಯೆಯೇ ಹೆಸರಾಗಿದ್ದು, ತಾಲ್ಲೂಕು ಮತ್ತು ಗ್ರಾಮಗಳು ವಿವರದಲ್ಲಿ ಇರುವುದು ಸರಿಯಾದ ಕ್ರಮ.

ದುರ್ಬಲ ಸಂಪರ್ಕ ಮತ್ತು ಅಸ್ಪಷ್ಟ ದೋಷ ಸಂದೇಶಗಳು

ದೊಡ್ಡ ಕಡತವನ್ನು ಭಾಗಗಳಾಗಿ ಕಳುಹಿಸುವ ವ್ಯವಸ್ಥೆ ಎಸ್3ನಲ್ಲಿದೆ. ಆದರೆ ಕೊನೆಯದನ್ನು ಬಿಟ್ಟು ಪ್ರತಿ ಭಾಗವೂ ಕನಿಷ್ಠ 5 ಎಂಬಿ ಇರಬೇಕು. ಸಂಪರ್ಕ ಪದೇ ಪದೇ ಕಡಿತಗೊಳ್ಳುವೆಡೆ ಭಾಗವೊಂದು ನಡುವೆ ನಿಂತರೆ ಆ 5 ಎಂಬಿಯನ್ನು ಮತ್ತೆ ಮೊದಲಿನಿಂದ ಕಳುಹಿಸಬೇಕು. ಅರ್ಧಕ್ಕೆ ನಿಂತುಹೋದ ರವಾನೆಯ ಭಾಗಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣದಿದ್ದರೂ ಜಾಗವನ್ನು ಆಕ್ರಮಿಸಿರುತ್ತವೆ. ಇವನ್ನು ನಿಗದಿತ ದಿನಗಳ ನಂತರ ತೆರವುಗೊಳಿಸುವ ನಿಯಮವನ್ನು ನಿರ್ವಾಹಕರು ಪ್ರತ್ಯೇಕವಾಗಿ ಹಾಕಬೇಕು. ಹಾಕದಿದ್ದಲ್ಲಿ ಪಟ್ಟಿಯ ಮೊತ್ತಕ್ಕೂ ಬಳಕೆಯಾದ ಜಾಗಕ್ಕೂ ತಾಳೆಯಾಗುವುದಿಲ್ಲ.

ದೋಷ ಸಂದೇಶಗಳ ಬಗೆಗಿನ ಅಸಮಾಧಾನವೂ ಹಳೆಯದು. ಎಸ್3ನಲ್ಲಿ ಪಟ್ಟಿ ನೋಡುವ ಅನುಮತಿ ಇಲ್ಲದವರು ಅಸ್ತಿತ್ವದಲ್ಲೇ ಇಲ್ಲದ ಕಡತವನ್ನು ಕೇಳಿದರೂ 'ಕಡತವಿಲ್ಲ' ಎಂಬುದರ ಬದಲು 'ಪ್ರವೇಶ ನಿರಾಕರಿಸಲಾಗಿದೆ' ಎಂಬ 403 ಸಂಖ್ಯೆಯ ಉತ್ತರವೇ ಬರುತ್ತದೆ. ಹೊರಗಿನವರಿಗೆ ಕಡತಗಳ ಇರವು ತಿಳಿಯಬಾರದೆಂಬುದಕ್ಕೆ ಇದು ಅಗತ್ಯವೇ ಸರಿ. ಆದರೆ ದಾಖಲೆ ಕಳೆದಿದೆಯೋ, ಅನುಮತಿ ತಪ್ಪಿದೆಯೋ ಎಂಬುದು ನಿರ್ವಾಹಕರಿಗಾದರೂ ತಿಳಿಯಬೇಕಷ್ಟೆ. ಅದೇ ರೀತಿ, ಕಳುಹಿಸುವ ಯಂತ್ರದ ಗಡಿಯಾರವು ಸೇವೆಯ ಗಡಿಯಾರಕ್ಕಿಂತ 15 ನಿಮಿಷಕ್ಕೂ ಹೆಚ್ಚು ಹಿಂದೆ ಅಥವಾ ಮುಂದೆ ಇದ್ದರೆ ಕೋರಿಕೆ ತಿರಸ್ಕೃತವಾಗುತ್ತದೆ. ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಮುಗಿದು ದಿನಾಂಕ ಹಿಂದಕ್ಕೆ ಹೋದ ಕಂಪ್ಯೂಟರಿನಿಂದ ಕಡತ ಹೋಗದಿದ್ದಾಗ ಸಿಬ್ಬಂದಿ ಇಂಟರ್‌ನೆಟ್ಟನ್ನು ದೂಷಿಸುವುದು ಸಹಜ. 'ನಿಮ್ಮ ಯಂತ್ರದ ಸಮಯವನ್ನು ಸರಿಪಡಿಸಿ' ಎಂಬ ಒಂದು ಸಾಲನ್ನು ಬಳಕೆದಾರರ ಭಾಷೆಯಲ್ಲಿ ತೋರಿಸಿದರೆ ಅರ್ಧ ದಿನದ ಪರದಾಟ ತಪ್ಪುತ್ತದೆ.

ಡಿಸ್ಕ್ ಕೆಟ್ಟಾಗ ದೊರೆಯಬೇಕಾದ ಮಾಹಿತಿ

ಡಿಸ್ಕ್‌ಗಳ ಗಾತ್ರ ಬೆಳೆದಷ್ಟು ಅವುಗಳ ವೇಗ ಬೆಳೆದಿಲ್ಲ. 20 ಟಿಬಿಯ ಒಂದು ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಪೂರ್ತಿ ತುಂಬಲು ಸುಮಾರು 55 ಗಂಟೆ ಬೇಕು. ಈ ತಂತ್ರಾಂಶಗಳು ಪುನರ್ನಿರ್ಮಾಣದ ಕೆಲಸವನ್ನು ಹಲವು ಡಿಸ್ಕ್‌ಗಳಿಗೆ ಹಂಚಿ ಅವಧಿಯನ್ನು ತಗ್ಗಿಸುತ್ತವೆಯಾದರೂ, ಆ ಅವಧಿಯಲ್ಲಿ ದೈನಂದಿನ ಸೇವೆ ನಿಧಾನವಾಗುವುದು ಮತ್ತು ಇನ್ನೊಂದು ಡಿಸ್ಕ್ ಕೆಡುವ ಸಂಭವ ಇವೆರಡೂ ಉಳಿಯುತ್ತವೆ.

ಸೆಫ್ ತನ್ನ ಒಟ್ಟು ಸ್ಥಿತಿಯನ್ನು 'ಸರಿಯಿದೆ', 'ಎಚ್ಚರಿಕೆ', 'ದೋಷ' ಎಂಬ ಮೂರು ಮಟ್ಟಗಳಲ್ಲಿ ತಿಳಿಸುತ್ತದೆ. ಎಚ್ಚರಿಕೆ ಎಂಬ ಮಟ್ಟದಲ್ಲಿ ಕ್ಷುಲ್ಲಕ ವಿಷಯವೂ ಇರಬಹುದು, ಗಂಭೀರ ವಿಷಯವೂ ಇರಬಹುದು. ಉದಾಹರಣೆಗೆ, ಅದು ಸಾಮಾನ್ಯವಾಗಿ ವಾರಕ್ಕೊಮ್ಮೆ ಎಲ್ಲ ದತ್ತಾಂಶವನ್ನೂ ಓದಿ, ಬರೆದದ್ದೇ ಉಳಿದಿದೆಯೇ ಎಂದು ತಾಳೆ ನೋಡುವ ಪರಿಶೀಲನೆಯನ್ನು ನಡೆಸುತ್ತದೆ. ಡಿಸ್ಕ್‌ಗಳು ದೊಡ್ಡದಾದಂತೆ ಈ ಕೆಲಸ ವಾರದೊಳಗೆ ಮುಗಿಯದೆ ಎಚ್ಚರಿಕೆ ಕಾಣಿಸುತ್ತಲೇ ಇರುತ್ತದೆ. ನಿತ್ಯ ಕಾಣುವ ಎಚ್ಚರಿಕೆಯನ್ನು ಸಿಬ್ಬಂದಿ ಕಡೆಗಣಿಸಲು ಆರಂಭಿಸುತ್ತಾರೆ. ನಿಜವಾದ ಅಪಾಯದ ಸೂಚನೆಯೂ ಅದರಲ್ಲಿ ಮರೆಯಾಗುತ್ತದೆ. ಈಗ ಇನ್ನೆಷ್ಟು ಡಿಸ್ಕ್ ಕೆಟ್ಟರೆ ನಷ್ಟವಾಗುತ್ತದೆ, ದುರಸ್ತಿ ಯಾವಾಗ ಮುಗಿಯುತ್ತದೆ, ಮನುಷ್ಯರು ಮಾಡಬೇಕಾದ ಕೆಲಸ ಏನಾದರೂ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಪರದೆಯ ಮೇಲೆ ನೇರ ಉತ್ತರ ಬೇಕೆಂಬುದು ಬಳಕೆದಾರರ ಆಗ್ರಹ.

ಈ ಆಗ್ರಹದ ಮಹತ್ವವನ್ನು 2017ರ ಫೆಬ್ರವರಿ 28ರಂದು ಅಮೆರಿಕದ ಉತ್ತರ ವರ್ಜೀನಿಯಾ ವಲಯದಲ್ಲಿ ನಡೆದ ಘಟನೆ ತೋರಿಸುತ್ತದೆ. ಕೆಲವೇ ಸರ್ವರ್‌ಗಳನ್ನು ನಿಲ್ಲಿಸಲು ನೀಡಿದ ಆದೇಶದಲ್ಲಿ ಒಂದು ಅಂಶ ತಪ್ಪಾಗಿ ನಮೂದಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಎಸ್3 ಸೇವೆ ಹಲವು ಗಂಟೆ ಸ್ಥಗಿತಗೊಂಡಿತು. ಸೇವೆಗಳ ಸ್ಥಿತಿಯನ್ನು ಸಾರ್ವಜನಿಕರಿಗೆ ತಿಳಿಸುವ ಪುಟದ ನಿರ್ವಹಣೆಯೂ ಅದೇ ಎಸ್3ನ್ನು ಅವಲಂಬಿಸಿದ್ದರಿಂದ ಆರಂಭದಲ್ಲಿ ಆ ಪುಟವನ್ನು ಸರಿಯಾಗಿ ನವೀಕರಿಸಲೂ ಆಗಲಿಲ್ಲ. ಅಮೆಜಾನ್ ನಂತರ ಈ ವಿವರವನ್ನು ಪ್ರಕಟಿಸಿ, ಸರ್ವರ್‌ಗಳು ನಿಧಾನವಾಗಿ ಮಾತ್ರ ಹೊರಬರುವಂತೆಯೂ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯದಂತೆಯೂ ತನ್ನ ಉಪಕರಣವನ್ನು ತಿದ್ದಿತು. ಎಚ್ಚರಿಕೆ ನೀಡುವ ವ್ಯವಸ್ಥೆಯು ತಾನು ಕಾಯುವ ವ್ಯವಸ್ಥೆಯನ್ನೇ ಆಶ್ರಯಿಸಬಾರದು ಎಂಬುದು ಇಲ್ಲಿನ ಪಾಠ.

ಯಾರು ನೋಡಬಹುದು, ಯಾರು ಅಳಿಸಬಹುದು

ಬಕೆಟ್‌ನ ಅನುಮತಿಗಳು ಬಕೆಟ್‌ನ ನೀತಿ, ಬಳಕೆದಾರರ ನೀತಿ, ಪ್ರತಿ ಆಬ್ಜೆಕ್ಟ್‌ನ ಅನುಮತಿ ಹೀಗೆ ಹಲವೆಡೆ ಹಂಚಿಹೋಗಿರುತ್ತವೆ. ಎಲ್ಲವೂ ಸೇರಿದಾಗ ಅಂತಿಮ ಫಲ ಏನೆಂಬುದು ಅನುಭವಿಗಳಿಗೂ ಗೊಂದಲವೇ. ಎಲ್ಲರಿಗೂ ತೆರೆದುಕೊಂಡ ಬಕೆಟ್‌ಗಳಿಂದ ವೈಯಕ್ತಿಕ ಮಾಹಿತಿ ಸೋರಿದ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದ ನಂತರ, ಅಮೆಜಾನ್ 2018ರಲ್ಲಿ ಸಾರ್ವಜನಿಕ ಪ್ರವೇಶವನ್ನು ಒಟ್ಟಾಗಿ ತಡೆಯುವ ಸೌಲಭ್ಯವನ್ನು ನೀಡಿ, 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆಲ್ಲ ಅದನ್ನು ತಾನಾಗಿ ಅನ್ವಯಿಸಿತು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್‌ನ ಪುಟ ಮುಂತಾದವು ಸೇರಿರುವ ಅರ್ಜಿಗಳಿಗೆ ಈ ವಿಷಯ ನೇರವಾಗಿ ಅನ್ವಯಿಸುತ್ತದೆ. ಒಂದು ಕಡತವನ್ನು ಆರಿಸಿ 'ಇದನ್ನು ಯಾರು ಯಾರು ನೋಡಬಹುದು' ಎಂದು ಕೇಳಿದರೆ ಹೆಸರುಗಳ ಪಟ್ಟಿ ಬರಬೇಕು ಎಂಬುದು ಬೇಡಿಕೆ.

ಯಾರು ನೋಡಿದರು ಎಂಬ ಲಾಗ್ ಕೂಡ ಅಷ್ಟೇ ಮುಖ್ಯ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನಗಳ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲರೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು ಮತ್ತು ನಿಗದಿಪಡಿಸಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು.

ಅಳಿಸುವಿಕೆಯ ವಿಷಯದಲ್ಲಿ ಎರಡು ಸೌಲಭ್ಯಗಳಿವೆ. ಆವೃತ್ತಿ ಕಾಯ್ದಿರಿಸುವಿಕೆಯನ್ನು ಚಾಲನೆಯಲ್ಲಿಟ್ಟರೆ, ಅಳಿಸಿದ ಕಡತದ ಮೇಲೆ ಗುರುತೊಂದು ಬೀಳುತ್ತದೆಯೇ ಹೊರತು ಹಳೆಯ ಪ್ರತಿ ಉಳಿದಿರುತ್ತದೆ. ಇದರಿಂದ ತಪ್ಪನ್ನು ಸರಿಪಡಿಸಬಹುದು. ಆದರೆ ಅಳಿಸಿದರೂ ಜಾಗ ಏಕೆ ಖಾಲಿಯಾಗಲಿಲ್ಲ ಎಂಬ ಗೊಂದಲವೂ ಏಳುತ್ತದೆ. ಎರಡನೆಯದು, 2018ರಲ್ಲಿ ಬಂದ ಆಬ್ಜೆಕ್ಟ್ ಲಾಕ್. ಇದರ ಕಠಿಣ ವಿಧದಲ್ಲಿ ನಿಗದಿತ ಅವಧಿ ಮುಗಿಯುವವರೆಗೆ ಮುಖ್ಯ ನಿರ್ವಾಹಕರೂ ಆ ಪ್ರತಿಯನ್ನು ಅಳಿಸಲಾರರು. ದತ್ತಾಂಶವನ್ನು ಒತ್ತೆಯಿಟ್ಟು ಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿಗಳ ವಿರುದ್ಧ ಇದು ಬಲವಾದ ರಕ್ಷಣೆ. ಆದರೆ ಅವಧಿಯನ್ನು ತಪ್ಪಾಗಿ ದೀರ್ಘವಾಗಿಟ್ಟರೆ ಹಿಂದೆಗೆಯಲು ಬರುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ನಾಗರಿಕರಿಗೆ ತಮ್ಮ ಮಾಹಿತಿಯನ್ನು ತಿದ್ದಿಸುವ ಮತ್ತು ಅಳಿಸಿಸುವ ಹಕ್ಕನ್ನೂ ನೀಡಿದೆ. ಆದುದರಿಂದ ಯಾವ ಬಗೆಯ ದಾಖಲೆಗೆ ಎಷ್ಟು ವರ್ಷ ಎಂಬುದನ್ನು ದಾಖಲೆಗಳ ವರ್ಗೀಕರಣದ ಆಧಾರದಲ್ಲಿ ಮೊದಲು ನಿರ್ಧರಿಸಿ ಆನಂತರ ಬೀಗ ಹಾಕಬೇಕು. ಬೀಗ ಹಾಕುವ ಮುನ್ನ ಅದರ ಪರಿಣಾಮವನ್ನು ಬಳಕೆದಾರರಿಗೆ ತೋರಿಸಿ ದೃಢೀಕರಣ ಪಡೆಯುವ ವ್ಯವಸ್ಥೆಯನ್ನು ಬಳಕೆದಾರರು ಬಯಸುತ್ತಾರೆ.

ಹೊಂದಾಣಿಕೆ, ಪರವಾನಗಿ ಮತ್ತು ನಿರ್ಗಮನ

'ಎಸ್3ಗೆ ಹೊಂದುತ್ತದೆ' ಎಂಬ ಮಾತು ಬಹುತೇಕ ಎಲ್ಲ ಉತ್ಪನ್ನಗಳ ವಿವರಣೆಯಲ್ಲಿಯೂ ಇರುತ್ತದೆ. ಆದರೆ ಎಸ್3 ಒಂದು ಕಂಪನಿಯ ವಿಧಾನ. ಆ ಕಂಪನಿ ಬದಲಾಯಿಸಿದಾಗ ಉಳಿದವರು ಹಿಂಬಾಲಿಸಬೇಕು. 2025ರ ಜನವರಿಯಲ್ಲಿ ಅಮೆಜಾನ್ ತನ್ನ ಪ್ರೋಗ್ರಾಮಿಂಗ್ ಉಪಕರಣಗಳ ಹೊಸ ಆವೃತ್ತಿಗಳಲ್ಲಿ ಪ್ರತಿ ಕಡತಕ್ಕೂ ತಾಳೆ ಸಂಖ್ಯೆಯನ್ನು ತಾನಾಗಿ ಸೇರಿಸತೊಡಗಿತು. ಉದ್ದೇಶ ಒಳ್ಳೆಯದೇ ಆದರೂ, ಇತರ ಹಲವು ಸಂಗ್ರಹ ವ್ಯವಸ್ಥೆಗಳು ಅದನ್ನು ಅರ್ಥೈಸಿಕೊಳ್ಳಲಾರದೆ ಕಡತಗಳ ರವಾನೆ ನಿಂತಿತು. ಯಾವ ಯಾವ ಕಾರ್ಯಗಳಿಗೆ ಹೊಂದಿಕೆಯಿದೆ, ಯಾವುದಕ್ಕಿಲ್ಲ ಎಂಬ ಪರೀಕ್ಷಿತ ಪಟ್ಟಿಯನ್ನು ಪ್ರತಿ ಆವೃತ್ತಿಯೊಂದಿಗೂ ನೀಡಬೇಕೆಂದು ಬಳಕೆದಾರರು ಕೇಳುವುದು ಇದಕ್ಕಾಗಿಯೇ.

ಮುಕ್ತ ತಂತ್ರಾಂಶವಾದ ಮಾತ್ರಕ್ಕೆ ಷರತ್ತುಗಳು ಎಂದೆಂದಿಗೂ ಒಂದೇ ಆಗಿರುವುದಿಲ್ಲ. ಮಿನ್‌ಐಒ 2021ರಲ್ಲಿ ತನ್ನ ಪರವಾನಗಿಯನ್ನು ಅಪಾಚೆಯಿಂದ ಎಜಿಪಿಎಲ್‌ಗೆ ಬದಲಿಸಿತು. 2025ರಲ್ಲಿ ಅದರ ಉಚಿತ ಆವೃತ್ತಿಯ ಪರದೆಯಿಂದ ನಿರ್ವಹಣಾ ಸೌಲಭ್ಯಗಳನ್ನು ತೆಗೆಯಲಾಯಿತು. ಬಳಕೆದಾರರಲ್ಲಿ ವ್ಯಾಪಕ ಅಸಮಾಧಾನ ಮೂಡಿತು. ಕಂಪನಿಗೆ ತನ್ನ ಉತ್ಪನ್ನವನ್ನು ಬದಲಿಸುವ ಹಕ್ಕಿದೆ. ಆದರೆ ಅದನ್ನು ನಂಬಿದ ಕಚೇರಿಗೆ ಬೇರೆಡೆ ಹೋಗುವ ದಾರಿಯೂ ಇರಬೇಕು.

ಹೋಗುವುದು ಎಷ್ಟು ಕಷ್ಟ ಎಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. 100 ಟಿಬಿ ದತ್ತಾಂಶವನ್ನು 1 ಜಿಬಿಪಿಎಸ್ ಸಂಪರ್ಕದಲ್ಲಿ ಪೂರ್ಣ ವೇಗದಲ್ಲಿ ಸಾಗಿಸಿದರೂ 9 ದಿನಕ್ಕಿಂತ ಹೆಚ್ಚು ಬೇಕು. 100 ಎಂಬಿಪಿಎಸ್‌ನಲ್ಲಿ ಮೂರು ತಿಂಗಳು. ಇದರ ಮೇಲೆ ಹೊರಸಾಗಣೆಯ ಶುಲ್ಕ ಬೇರೆ. ತಮ್ಮ ಸೇವೆಯನ್ನು ತೊರೆಯುವವರಿಗೆ ಈ ಶುಲ್ಕವನ್ನು ಮನ್ನಾ ಮಾಡುವುದಾಗಿ ಗೂಗಲ್ 2024ರ ಜನವರಿಯಲ್ಲಿ, ಅಮೆಜಾನ್ ಮಾರ್ಚ್‌ನಲ್ಲಿ ಪ್ರಕಟಿಸಿದವು. ಯುರೋಪಿನ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿರುವ ದತ್ತಾಂಶ ಕಾಯ್ದೆಯು ಸೇವಾದಾರರನ್ನು ಬದಲಿಸುವುದನ್ನು ಸುಲಭಗೊಳಿಸುವ ಹೊಣೆಯನ್ನು ಕಂಪನಿಗಳ ಮೇಲೆಯೇ ಹೊರಿಸಿದೆ. ನಮ್ಮಲ್ಲಿ ಈ ರಕ್ಷಣೆಯನ್ನು ಒಪ್ಪಂದದ ಷರತ್ತಿನ ಮೂಲಕವೇ ಪಡೆದುಕೊಳ್ಳುವುದು ಕ್ಷೇಮ.

ಪಂಚಾಯಿತಿ ಹಂತದಲ್ಲಿ ಗಮನಿಸಬೇಕಾದ ಅಂಶಗಳು

ಇಂತಹ ತಂತ್ರಾಂಶದ ಆಯ್ಕೆ ಗ್ರಾಮ ಪಂಚಾಯಿತಿಯಲ್ಲಿ ನಡೆಯುವುದಿಲ್ಲ. ಆದರೆ ಹಳೆಯ ದಾಖಲೆಗಳ ಸ್ಕ್ಯಾನಿಂಗ್ ಕೆಲಸ ವಹಿಸುವಾಗ, ತಂತ್ರಾಂಶದ ಬಗ್ಗೆ ಹಿಮ್ಮಾಹಿತಿ ಸಲ್ಲಿಸುವಾಗ ಮತ್ತು ತರಬೇತಿಗಳಲ್ಲಿ ಕೆಳಕಂಡ ಅಂಶಗಳನ್ನು ಕೇಳಿ ತಿಳಿಯುವುದು ಸೂಕ್ತ.

1. ದಾಖಲೆಗಳ ಒಟ್ಟು ಗಾತ್ರದೊಂದಿಗೆ ಅವುಗಳ ಸಂಖ್ಯೆ ಮತ್ತು ಸರಾಸರಿ ಗಾತ್ರವನ್ನೂ ಲೆಕ್ಕ ಹಾಕಲಾಗಿದೆಯೇ?

2. ಕಡತದ ಹೆಸರು ಬದಲಾಗದ ಸಂಖ್ಯೆಯನ್ನು ಆಧರಿಸಿದೆಯೇ? ಹುಡುಕಾಟದ ಡೇಟಾಬೇಸ್‌ಗೂ ಪ್ರತ್ಯೇಕ ನಕಲು ಪ್ರತಿ ಇದೆಯೇ?

3. ಕಡತ ತಲುಪಿದೆ ಎಂಬ ಖಚಿತ ಸ್ವೀಕೃತಿ ದೊರೆಯುವ ಮುನ್ನ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿರುವ ಮೂಲ ಪ್ರತಿಯನ್ನು ಅಳಿಸದಂತೆ ಸಿಬ್ಬಂದಿಗೆ ಸೂಚಿಸಲಾಗಿದೆಯೇ?

4. ಕಚೇರಿಯ ಎಲ್ಲ ಕಂಪ್ಯೂಟರ್‌ಗಳ ದಿನಾಂಕ ಮತ್ತು ಸಮಯ ಸರಿಯಾಗಿವೆಯೇ?

5. ವೈಯಕ್ತಿಕ ಮಾಹಿತಿಯುಳ್ಳ ಕಡತಗಳನ್ನು ನೋಡುವ ಮತ್ತು ಅಳಿಸುವ ಅಧಿಕಾರ ಯಾರಿಗಿದೆ ಎಂಬ ಲಿಖಿತ ಪಟ್ಟಿ ಇದೆಯೇ? ವರ್ಗಾವಣೆಯಾದವರ ಅನುಮತಿಯನ್ನು ತೆಗೆಯಲಾಗಿದೆಯೇ?

6. ಒಪ್ಪಂದ ಮುಗಿದಾಗ ಎಲ್ಲ ಕಡತಗಳನ್ನೂ, ಅವುಗಳ ವಿವರಗಳನ್ನೂ ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ, ಯಾರ ವೆಚ್ಚದಲ್ಲಿ ಹಿಂದಿರುಗಿಸಬೇಕು ಎಂಬುದು ಬರಹದಲ್ಲಿದೆಯೇ?

ಇವೆಲ್ಲಕ್ಕೂ ಮೇಲಾಗಿ, ಯಾವ ತಂತ್ರಜ್ಞಾನವೂ ಬೇಕಾಗದ ಪರೀಕ್ಷೆಯೊಂದಿದೆ. ಮೂರು ತಿಂಗಳಿಗೊಮ್ಮೆ ಹಳೆಯ ಹತ್ತು ದಾಖಲೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅವುಗಳನ್ನು ಸಂಗ್ರಹದಿಂದ ತರಿಸಿ, ತೆರೆದು, ಕಾಗದದ ಮೂಲ ಪ್ರತಿಯೊಂದಿಗೆ ತಾಳೆ ನೋಡುವುದು. ಹತ್ತರಲ್ಲಿ ಒಂದು ತೆರೆಯದಿದ್ದರೂ ಅಂದೇ ಲಿಖಿತವಾಗಿ ಮೇಲಧಿಕಾರಿಗಳ ಗಮನಕ್ಕೆ ತರಬೇಕು. ಕಾಗದದ ಮೂಲ ಪ್ರತಿಯನ್ನು ವಿಲೇವಾರಿ ಮಾಡುವ ನಿರ್ಧಾರಕ್ಕೂ ಮುನ್ನ ಈ ತಾಳೆ ನಡೆದಿರಬೇಕು. ಆ ನಂತರ ನಡೆದರೆ ದೋಷ ಕಂಡರೂ ಸರಿಪಡಿಸಲು ಆಧಾರ ಉಳಿದಿರುವುದಿಲ್ಲ.